ಒಂದೇ ಊರು, ಏಳು ರಾತ್ರಿ: ಗ್ರೀಸಿನ ಕಾರ್ದಮಿಲಿಗೆ ಹೊರಡುವವರಿಗೆ

ಕಾರ್ದಮಿಲಿಗೆ ರೈಲಿಲ್ಲ, ದೊಡ್ಡ ಹಡಗು ನಿಲ್ಲುವ ಬಂದರೂ ಇಲ್ಲ. ಗ್ರೀಸಿನ ಪೆಲೊಪೊನೀಸ್ ಪರ್ಯಾಯದ್ವೀಪದ ದಕ್ಷಿಣದಲ್ಲಿ ಮಾನಿ ಎಂಬ ಕಲ್ಲುನೆಲದ ಸೀಮೆಯಿದೆ. ಅದರ ಪಶ್ಚಿಮ ಅಂಚಿನಲ್ಲಿರುವ ಈ ಊರಿಗೆ ಕಲಮಾತಾ ನಗರದಿಂದ ಸುಮಾರು 35 ಕಿ.ಮೀ. ಬೆಟ್ಟದ ರಸ್ತೆ ಹಿಡಿದು ಬರಬೇಕು. ಬೆನ್ನಿಗೆ 2,400 ಮೀಟರ್ ಎತ್ತರದ ತೈಗೆಟಸ್ ಪರ್ವತ, ಎದುರಿಗೆ ಮೆಸ್ಸೀನಿಯ ಕೊಲ್ಲಿ. ನಡುವಿನ ಜಾಗದಲ್ಲಿ ಒಂದೇ ಮುಖ್ಯ ಬೀದಿ, ಕಲ್ಲಿನ ಮನೆಗಳು, ಆಲಿವ್ ತೋಪುಗಳು. ವರ್ಷವಿಡೀ ಇಲ್ಲೇ ಇರುವವರು ಕೆಲವು ನೂರು ಜನ ಮಾತ್ರ.

ನಮ್ಮ ಕಡೆಯಿಂದ ಗ್ರೀಸಿಗೆ ಹೊರಡುವವರು ಸಾಮಾನ್ಯವಾಗಿ ಅಥೆನ್ಸ್, ಮಿಕೊನೋಸ್, ಸಾಂಟೊರಿನಿ ಮೂರನ್ನೂ ಒಂದು ವಾರಕ್ಕೆ ತುರುಕುತ್ತಾರೆ. ಆ ವಾರದ ದೊಡ್ಡ ಪಾಲು ಹಡಗಿನ ಸಾಲಿನಲ್ಲಿ, ಸೂಟ್‌ಕೇಸ್ ಎಳೆಯುವುದರಲ್ಲಿ, ಹೊಟೇಲಿನ ಕೋಣೆ ಖಾಲಿ ಮಾಡುವುದರಲ್ಲಿ ಹೋಗುತ್ತದೆ. ನನ್ನ ಸಲಹೆ ಬೇರೆ. ಅಥೆನ್ಸಿನಲ್ಲಿ ಒಂದೆರಡು ರಾತ್ರಿ ಇದ್ದು ಆಕ್ರೊಪೊಲಿಸ್ ನೋಡಿ. ಉಳಿದ ಏಳು ರಾತ್ರಿಯನ್ನು ಒಂದೇ ಸಣ್ಣ ಕಡಲೂರಿಗೆ ಕೊಡಿ. ಮೂರನೆಯ ದಿನಕ್ಕೆ ಬ್ರೆಡ್ ಅಂಗಡಿಯವರು ನಿಮ್ಮನ್ನು ಗುರುತಿಸುತ್ತಾರೆ, ಯಾವ ಹೊತ್ತಿಗೆ ಯಾವ ದಂಡೆಯಲ್ಲಿ ನೆರಳಿರುತ್ತದೆಂದು ನಿಮಗೂ ಗೊತ್ತಾಗಿರುತ್ತದೆ. ಇಂಥ ಊರಿನ ಸುಖ ಅಲ್ಲಿಂದ ಶುರು. ಎರಡು ರಾತ್ರಿ ಇದ್ದು ಎದ್ದುಹೋಗುವವರಿಗೆ ಅದು ಸಿಕ್ಕುವುದಿಲ್ಲ.

ಹೋಗಲು ಒಳ್ಳೆಯ ಕಾಲ ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್‌ನಿಂದ ಅಕ್ಟೋಬರ್ ಮೊದಲ ವಾರದವರೆಗೆ. ನನ್ನ ಆಯ್ಕೆ ಸೆಪ್ಟೆಂಬರ್. ಬೇಸಿಗೆಯಿಡೀ ಕಾದ ಸಮುದ್ರ ಆಗ ಬೆಚ್ಚಗಿರುತ್ತದೆ, ಗದ್ದಲ ಇಳಿದಿರುತ್ತದೆ. ಮೇ ಆರಂಭದಲ್ಲಿ ಬೆಟ್ಟದ ಮೇಲೆಲ್ಲ ಹೂವು, ನಡೆಯುವವರಿಗೆ ಅದಕ್ಕಿಂತ ಒಳ್ಳೆಯ ಕಾಲವಿಲ್ಲ. ನೀರು ಮಾತ್ರ ನಮ್ಮ ಮೈಗೆ ತಣ್ಣಗೆ. ಜುಲೈ, ಆಗಸ್ಟ್‌ನಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವ ದಿನಗಳಿರುತ್ತವೆ, ಕಾಡ್ಗಿಚ್ಚಿನ ಭಯವೂ ಇರುತ್ತದೆ. ಆಗಸ್ಟ್ 15 ಮೇರಿಮಾತೆಯ ದೊಡ್ಡ ಹಬ್ಬ. ಅದರ ಹಿಂದೆಮುಂದೆ ಗ್ರೀಕರೇ ಕುಟುಂಬಸಮೇತ ಸಮುದ್ರದ ಕಡೆ ಹೊರಡುವುದರಿಂದ ಕೋಣೆ ಸಿಗುವುದೂ ಕಷ್ಟ. ನವೆಂಬರ್‌ನಿಂದ ಮಾರ್ಚ್‌ವರೆಗೆ ಊಟದ ಅಂಗಡಿಗಳಲ್ಲಿ ಬಹಳಷ್ಟು ಬಾಗಿಲು ಹಾಕಿರುತ್ತವೆ; ಅದು ಆಲಿವ್ ಕೊಯ್ಲಿನ ಕಾಲ. ಇನ್ನೊಂದು ಆಯ್ಕೆ ಈಸ್ಟರ್. ಆರ್ಥೊಡಾಕ್ಸ್ ಪಂಚಾಂಗದಂತೆ ಅದು 2027ರಲ್ಲಿ ಮೇ 2ಕ್ಕೆ ಬರುತ್ತದೆ. ಶುಭ ಶುಕ್ರವಾರದ ರಾತ್ರಿ ಹೂವಿನಿಂದ ಅಲಂಕರಿಸಿದ ಕ್ರಿಸ್ತನ ಶವಮಂಚದ ಮೆರವಣಿಗೆ, ಶನಿವಾರ ನಡುರಾತ್ರಿ ಒಬ್ಬರ ಮೇಣದಬತ್ತಿಯಿಂದ ಇನ್ನೊಬ್ಬರು ಹಚ್ಚಿಕೊಳ್ಳುವ ದೀಪ. ಇದನ್ನು ಮಹಾನಗರದಲ್ಲಿ ನೋಡುವುದಕ್ಕಿಂತ ಸಣ್ಣ ಊರಿನ ಚರ್ಚಿನಂಗಳದಲ್ಲಿ ನೋಡಬೇಕು.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಷೆಂಗೆನ್ ವೀಸಾ ಬೇಕು. ದೊಡ್ಡವರಿಗೆ ಶುಲ್ಕ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45. ಅರ್ಜಿ ಕೇಂದ್ರದ ಸೇವಾಶುಲ್ಕ ಬೇರೆ. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ಕನಿಷ್ಠ 15 ದಿನ ಮುಂಚೆಯಾದರೂ ಹಾಕಿರಬೇಕು. ತೀರ್ಮಾನಕ್ಕೆ ಕೆಲವೊಮ್ಮೆ 45 ದಿನವೂ ಹಿಡಿಯುವುದುಂಟು, ಆದ್ದರಿಂದ ಎರಡು ಮೂರು ತಿಂಗಳು ಮುಂಚೆ ಹಾಕುವುದು ಕ್ಷೇಮ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. ಹಲವು ದೇಶ ಸುತ್ತುವವರು ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತಾರೋ ಅದರ ದೂತಾವಾಸಕ್ಕೇ ಅರ್ಜಿ ಸಲ್ಲಿಸಬೇಕು. ಜರ್ಮನಿ, ನೆದರ್‌ಲ್ಯಾಂಡ್ಸ್‌ನಂಥ ಷೆಂಗೆನ್ ದೇಶಗಳ ವಾಸಪರವಾನಗಿ ಇರುವ ನಮ್ಮವರಿಗೆ ಈ ವೀಸಾ ಬೇಡ. ಲಂಡನ್ನಿನಲ್ಲಿ ನೆಲೆಸಿರುವ ಭಾರತೀಯ ಪ್ರಜೆಗಳಿಗೆ ಬೇಕು. ಅಲ್ಲಿರುವವರು ಇದನ್ನು ಮರೆತು ಟಿಕೆಟ್ ಕೊಂಡುಬಿಡುವ ಅಪಾಯವಿದೆ.

ಬೆಂಗಳೂರಿನಿಂದ ದುಬೈ, ದೋಹಾ ಅಥವಾ ಅಬುಧಾಬಿಯಲ್ಲಿ ವಿಮಾನ ಬದಲಿಸಿ ಅಥೆನ್ಸ್ ತಲುಪುವುದು ರೂಢಿಯ ದಾರಿ. ಅಥೆನ್ಸ್ ವಿಮಾನ ನಿಲ್ದಾಣದ ಹೊರಗೆ ಎಕ್ಸ್93 ಎಂಬ ನಗರ ಬಸ್ಸು ಹತ್ತಿದರೆ ಕಿಫಿಸೋಸ್ ಬಸ್ ನಿಲ್ದಾಣ. ಅಲ್ಲಿಂದ ಕೆಟೆಲ್ ಸಂಸ್ಥೆಯ ಬಸ್ಸಿನಲ್ಲಿ ಸುಮಾರು ಮೂರು ಗಂಟೆಯಲ್ಲಿ ಕಲಮಾತಾ. ಕಲಮಾತಾದಿಂದ ಇತಿಲೋ ಕಡೆಗೆ ಹೋಗುವ ಬಸ್ಸು ಕಾರ್ದಮಿಲಿಯ ಮೂಲಕ ಸಾಗುತ್ತದೆ, ಒಂದು ಗಂಟೆಯ ದಾರಿ. ಈ ಕೊನೆಯ ಬಸ್ಸೇ ಮುಖ್ಯ ಸಂಗತಿ. ದಿನಕ್ಕೆ ಕೆಲವೇ ಬಾರಿ ಓಡುತ್ತದೆ, ಭಾನುವಾರ ಇನ್ನೂ ಕಡಿಮೆ. ಅದರ ವೇಳೆಯನ್ನು ಮೊದಲು ನೋಡಿಕೊಂಡು ಅಥೆನ್ಸ್ ಬಸ್ಸನ್ನು ಅದಕ್ಕೆ ಹೊಂದಿಸಿ. ತಪ್ಪಿದರೆ ಟ್ಯಾಕ್ಸಿಯೇ ಗತಿ. ಯುರೋಪಿನಲ್ಲಿರುವ ಕನ್ನಡಿಗರಿಗೆ ಇನ್ನೂ ಸುಲಭ. ಬೇಸಿಗೆಯಲ್ಲಿ ಹಲವು ಯುರೋಪಿಯನ್ ನಗರಗಳಿಂದ ಕಲಮಾತಾಕ್ಕೇ ನೇರ ವಿಮಾನಗಳಿವೆ.

ಕಾರು ಬಾಡಿಗೆಗೆ ಪಡೆಯುವವರು ಇಲ್ಲಿನ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಮೂಲ ಲೈಸೆನ್ಸಿನ ಜೊತೆಗೆ ಒಯ್ಯಬೇಕು. ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ. ಬಾಡಿಗೆ ಕಾರುಗಳಲ್ಲಿ ಹೆಚ್ಚಿನವು ಗೇರಿನವು, ಗೇರ್ ಕಡ್ಡಿ ಬಲಗೈ ಕಡೆ. ಕಲಮಾತಾ ದಾಟಿದ ಮೇಲೆ ರಸ್ತೆ ಕಣಿವೆಗೆ ಇಳಿದು, ಸೇತುವೆ ದಾಟಿ, ಹೇರ್‌ಪಿನ್ ತಿರುವುಗಳಲ್ಲಿ ಮತ್ತೆ ಏರುತ್ತದೆ. ರಾತ್ರಿಯ ವಿಮಾನವಿಳಿದು ನಿದ್ದೆಗಣ್ಣಿನಲ್ಲಿ ಆ ದಾರಿ ಹಿಡಿಯಬಾರದು. ಮೊದಲ ರಾತ್ರಿ ಅಥೆನ್ಸಿನಲ್ಲೋ ಕಲಮಾತಾದಲ್ಲೋ ಮಲಗಿ, ಬೆಳಗಿನ ಬೆಳಕಿನಲ್ಲಿ ಹೊರಡಿ. ನಿಜ ಹೇಳಬೇಕೆಂದರೆ ಕಾರ್ದಮಿಲಿಯೊಳಗೆ ಕಾರಿನ ಅಗತ್ಯವೇ ಇಲ್ಲ. ಮಾನಿಯ ದಕ್ಷಿಣ ತುದಿ ನೋಡಬೇಕೆನಿಸಿದರೆ ಒಂದೆರಡು ದಿನಕ್ಕೆ ಪಡೆದರೆ ಸಾಕು.

ಉಳಿಯಲು ದೊಡ್ಡ ರೆಸಾರ್ಟಿಗಿಂತ ಊರವರೇ ನಡೆಸುವ, ಸಣ್ಣ ಅಡುಗೆಕಟ್ಟೆಯಿರುವ ಕೋಣೆಗಳು ನಮಗೆ ಹೆಚ್ಚು ಹೊಂದುತ್ತವೆ. ಇವನ್ನು ಸ್ಟುಡಿಯೊ ಎನ್ನುತ್ತಾರೆ: ಒಂದು ಒಲೆ, ಫ್ರಿಜ್, ನಾಲ್ಕು ಪಾತ್ರೆ, ಒಂದು ಬಾಲ್ಕನಿ. ಕಾಯ್ದಿರಿಸುವ ಮೊದಲು ಎರಡು ವಿಷಯ ಕೇಳಿ. ಕೋಣೆ ಮುಖ್ಯ ಬೀದಿಯ ಕಡೆಗಿದೆಯೇ? ಆ ಕಡೆಗಿದ್ದರೆ ವಾಹನಗಳ ಸದ್ದು ತಪ್ಪದು, ಮಾನಿಯ ಒಳಕ್ಕೆ ಹೋಗುವುದೆಲ್ಲ ಅದೇ ಬೀದಿಯಲ್ಲಿ. ಮೆಟ್ಟಿಲು ಎಷ್ಟು? ವಯಸ್ಸಾದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಇದನ್ನು ಮರೆಯಬಾರದು. ಬಾಡಿಗೆಯ ಜೊತೆಗೆ ಸರ್ಕಾರದ ಹವಾಮಾನ ಶುಲ್ಕವೊಂದನ್ನು ಸ್ಥಳದಲ್ಲೇ ಕೊಡಬೇಕು. 2025ರ ದರದಂತೆ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ರಾತ್ರಿ ಪ್ರತಿ ಕೋಣೆಗೆ ಒಂದೆರಡು ನಕ್ಷತ್ರದ ಹೊಟೇಲಿನಲ್ಲಿ 2 ಯೂರೋ, ಮೂರು ನಕ್ಷತ್ರಕ್ಕೆ 5, ನಾಲ್ಕಕ್ಕೆ 10, ಐದಕ್ಕೆ 15. ಆನ್‌ಲೈನ್ ತಾಣಗಳ ಅಲ್ಪಾವಧಿ ಬಾಡಿಗೆಮನೆಗೆ 8. ಏಳು ರಾತ್ರಿಗೆ ಗುಣಿಸಿ ನೋಡಿ, ಅದು ಸಣ್ಣ ಮೊತ್ತವಲ್ಲ.

ಈಗ ಊಟ. ಸಸ್ಯಾಹಾರಿಗಳು ಗ್ರೀಸಿನಲ್ಲಿ ಬರೀ ಬ್ರೆಡ್ಡು, ಸೌತೆಕಾಯಿ ತಿಂದು ಬದುಕಬೇಕೆಂಬ ನಂಬಿಕೆ ನಮ್ಮಲ್ಲಿದೆ. ಅದು ಪೂರ್ತಿ ತಪ್ಪು. ಆರ್ಥೊಡಾಕ್ಸ್ ಚರ್ಚಿನ ಕ್ಯಾಲೆಂಡರಿನಲ್ಲಿ ಉಪವಾಸದ ದಿನಗಳು ಬಹಳ; ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು ಯಾವುದೂ ಸಲ್ಲದು. ಹಾಗಾಗಿ ಹಳ್ಳಿಯ ಹೆಂಗಸರು ತಲೆಮಾರುಗಳಿಂದ ತರಕಾರಿ, ಕಾಳುಗಳನ್ನು ಆಲಿವ್ ಎಣ್ಣೆಯಲ್ಲಿ ಬೇಯಿಸುವುದನ್ನು ದೊಡ್ಡ ವಿದ್ಯೆಯಾಗಿ ಬೆಳೆಸಿದ್ದಾರೆ. ತಾವೇರ್ನಾ ಎಂಬ ಮನೆಯೂಟದ ಅಂಗಡಿಗಳಲ್ಲಿ ‘ಲಾದೆರಾ’ ಎಂದು ಕೇಳಿದರೆ ಈ ಬಗೆಯ ಅಡುಗೆಗಳನ್ನೇ ತೋರಿಸುತ್ತಾರೆ. ಟೊಮೆಟೊದಲ್ಲಿ ಬೆಂದ ಹುರುಳಿಕಾಯಿ ‘ಫಸೊಲಾಕಿಯಾ’. ಬೆಂಡೆಕಾಯಿ ‘ಬಾಮಿಯೆಸ್’. ಬದನೆ, ಆಲೂಗಡ್ಡೆ, ಕುಂಬಳಜಾತಿಯ ಎಳೆಕಾಯಿಗಳನ್ನು ಒಟ್ಟಿಗೆ ಬೇಯಿಸಿದ್ದು ‘ಬ್ರಿಯಾಮ್’. ದೊಡ್ಡ ಬಿಳಿ ಕಾಳಿನದು ‘ಯೀಗಾಂದೆಸ್’, ಹಳದಿ ಬೇಳೆಯನ್ನು ನುಣ್ಣಗೆ ಅರೆದದ್ದು ‘ಫಾವಾ’, ಪಾಲಕ್ ಸೊಪ್ಪಿನ ಅನ್ನ ‘ಸ್ಪನಕೋರಿಜೋ’. ಟೊಮೆಟೊ ಮತ್ತು ದೊಣ್ಣೆಮೆಣಸಿನಕಾಯಿಯೊಳಗೆ ಅನ್ನ ತುಂಬಿದ ‘ಯೆಮಿಸ್ತಾ’ಕ್ಕೆ ಕೆಲವು ಕಡೆ ಕೀಮಾ ಸೇರಿಸುತ್ತಾರೆ, ಕೇಳಿಯೇ ತಿನ್ನಿ. ‘ಹೋರ್ತಾ’ ಎಂಬುದು ಬೆಟ್ಟದ ಬದುಗಳಲ್ಲಿ ಕಿತ್ತು ತಂದ ಸೊಪ್ಪುಗಳನ್ನು ಬೇಯಿಸಿ, ಎಣ್ಣೆ, ನಿಂಬೆರಸ ಹಾಕಿ ಕೊಡುವುದು. ಹಳೇ ಮೈಸೂರಿನ ಬೆರಕೆಸೊಪ್ಪು ತಿಂದು ಬೆಳೆದವರಿಗೆ ಅದರ ಕಹಿ, ಒಗರು ಕೂಡಲೇ ಹಿಡಿಸುತ್ತದೆ.

ಎರಡು ಎಚ್ಚರಿಕೆ. ‘ನಿಸ್ತೀಸಿಮೋ’, ಅಂದರೆ ಉಪವಾಸದ ಊಟ, ಎಂದು ಬರೆದಿದ್ದರೆ ಅದು ಪೂರ್ತಿ ಸಸ್ಯಾಹಾರವೆಂದು ತಿಳಿಯಬೇಡಿ. ರಕ್ತವಿಲ್ಲದ ಸಮುದ್ರಜೀವಿಗಳೆಂದು ಸಿಗಡಿ, ಆಕ್ಟೋಪಸ್, ಕಪ್ಪೆಬಂಡಾಸುಗಳನ್ನು ಉಪವಾಸದಲ್ಲೂ ತಿನ್ನುತ್ತಾರೆ. ‘ಹೋರಿಸ್ ಕ್ರೆಯಾಸ್, ಹೋರಿಸ್ ಪ್ಸಾರಿ’ (ಮಾಂಸ ಬೇಡ, ಮೀನು ಬೇಡ) ಎಂದು ಹೇಳಿ, ‘ಇಮೆ ಹೋರ್ತೊಫಾಗೊಸ್’ ಎಂದರೆ ನಾನು ಸಸ್ಯಾಹಾರಿ ಎಂದಾಯಿತು. ಇನ್ನೊಂದು, ಫೆಟಾ ಮೊದಲಾದ ಸಾಂಪ್ರದಾಯಿಕ ಚೀಸುಗಳ ಹಾಲು ಒಡೆಸಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಅಂಶ ಬಳಸುವುದು ಸಾಮಾನ್ಯ. ಕಟ್ಟುನಿಟ್ಟಿನವರು ಚೀಸಿಲ್ಲದೆ ತರಿಸಿಕೊಳ್ಳಲಿ.

ಮೀನು ತಿನ್ನುವವರಿಗೂ ಒಂದು ಮಾತು. ತಾಜಾ ಮೀನಿನ ಬೆಲೆ ಕಿಲೊ ಲೆಕ್ಕದಲ್ಲಿರುತ್ತದೆ. ನೀವೇ ಆರಿಸಿ, ನಿಮ್ಮೆದುರೇ ತೂಗಿಸಿ, ಬೆಲೆ ಕೇಳಿದ ಮೇಲೆ ಒಪ್ಪಿಕೊಳ್ಳಿ. ಇದನ್ನು ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಮೆನುವಿನಲ್ಲಿ ಹೆಸರಿನ ಪಕ್ಕ ನಕ್ಷತ್ರದ ಗುರುತಿದ್ದರೆ ಅದು ಸಾಮಾನ್ಯವಾಗಿ ಫ್ರೀಜರಿನ ಸರಕು. ಮಾನಿಯ ಸ್ವಂತ ತಿಂಡಿ ‘ಲಲಾಂಗಿಯಾ’: ಹಿಟ್ಟನ್ನು ಬೆರಳಿನಿಂದ ಉದ್ದಕ್ಕೆ ಹೊಸೆದು, ಸುತ್ತಿ, ಆಲಿವ್ ಎಣ್ಣೆಯಲ್ಲಿ ಕರಿದದ್ದು. ಜೇನಿನ ಜೊತೆ ಬೆಳಿಗ್ಗೆ ತಿನ್ನಿ. ಕೇಳದೆಯೇ ಮೇಜಿಗೆ ಬರುವ ಬ್ರೆಡ್ಡಿಗೆ ತುಸು ಹಣ ಹಾಕುತ್ತಾರೆ, ಬೇಡವೆಂದರೆ ಮರಳಿಸಬಹುದು. ಬಿಲ್ಲು ಕೊಡದಿದ್ದರೆ ಹಣ ಕೊಡಬೇಕಾಗಿಲ್ಲ ಎಂಬುದು ಅಲ್ಲಿನ ಕಾನೂನು. ಅದನ್ನು ಮೆನುವಿನಲ್ಲೇ ಅಚ್ಚು ಹಾಕಿರುತ್ತಾರೆ.

ಮನೆಯಡುಗೆ ಬೇಕೆನ್ನುವವರಿಗೆ ಅಕ್ಕಿ, ಮಸೂರ, ಕಾಬೂಲಿ ಕಡಲೆ, ಟೊಮೆಟೊ, ಈರುಳ್ಳಿ ಊರಿನ ಅಂಗಡಿಯಲ್ಲೇ ಸಿಗುತ್ತವೆ. ಮೊಸರಂತೂ ಗ್ರೀಕರದೇ. ಗಟ್ಟಿ ಸೋಸಿದ ಮೊಸರಿಗೆ ಸ್ವಲ್ಪ ಹಾಲು, ನೀರು ಬೆರೆಸಿದರೆ ಮೊಸರನ್ನಕ್ಕೆ ಒದಗುತ್ತದೆ. ಸಾರಿನ ಪುಡಿ, ಸಾಸಿವೆ, ಇಂಗು, ಒಣಮೆಣಸಿನಕಾಯಿ ಇಲ್ಲಿಂದಲೇ ಒಯ್ಯಿರಿ. ತುಪ್ಪ, ಖೋವಾ, ಮಾಂಸದ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ. ಹಸಿ ಕರಿಬೇವು, ಮಾವಿನಹಣ್ಣನ್ನೂ ಸಸ್ಯರೋಗವಿಲ್ಲವೆಂಬ ಪ್ರಮಾಣಪತ್ರವಿಲ್ಲದೆ ಬಿಡುವುದಿಲ್ಲ.

ಊರಿನ ಉತ್ತರಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿ ರೀತ್ಸಾ ಎಂಬ ಉದ್ದನೆಯ ದಂಡೆಯಿದೆ. ಮರಳಲ್ಲ, ಬಿಳಿ ಉರುಟು ಕಲ್ಲು. ಅದಕ್ಕೇ ನೀರು ತಳ ಕಾಣುವಷ್ಟು ತಿಳಿ. ಬರಿಗಾಲಿನಲ್ಲಿ ಕಲ್ಲಿನ ಮೇಲೆ ನಡೆಯುವುದು ನೋವಿನ ಕೆಲಸ, ಬಂಡೆಗಳ ಸಂದಿಯಲ್ಲಿ ಮುಳ್ಳಿನ ಕಡಲಚೆಂಡುಗಳೂ ಇರುತ್ತವೆ. ನೀರಿಗಿಳಿಯುವ ರಬ್ಬರ್ ಬೂಟನ್ನು ಮೊದಲ ದಿನವೇ ಕೊಳ್ಳಿ. ಕೆಲವೇ ಹೆಜ್ಜೆಗೆ ನೀರು ಆಳವಾಗುವುದರಿಂದ ಈಜು ಬಾರದವರಿಗೆ, ಮಕ್ಕಳಿಗೆ ಇದು ಸರಿಯಾದ ಜಾಗವಲ್ಲ. ನಮ್ಮಲ್ಲಿ ಹೆಚ್ಚಿನವರಿಗೆ ಈಜು ಬಾರದು, ಆದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ. ಅಂಥವರು ದಕ್ಷಿಣಕ್ಕೆ ಹತ್ತು ಕಿ.ಮೀ. ಒಳಗಿರುವ ಸ್ತೂಪಾ ಊರಿಗೆ, ಅದರ ಪಕ್ಕದ ಕಲೋಗ್ರಿಯಾ ದಂಡೆಗೆ ಹೋಗಬೇಕು. ಅಲ್ಲಿ ಮರಳಿದೆ, ನೀರು ನಿಧಾನವಾಗಿ ಆಳವಾಗುತ್ತದೆ. ತೈಗೆಟಸ್ಸಿನ ಒಳಗಿಂದ ಹರಿದು ಬಂದ ಸಿಹಿನೀರಿನ ಬುಗ್ಗೆಗಳು ಅಲ್ಲಿ ಸಮುದ್ರದಲ್ಲೇ ಏಳುತ್ತವೆ. ಬೆಚ್ಚನೆಯ ನೀರಿನ ನಡುವೆ ಇದ್ದಕ್ಕಿದ್ದಂತೆ ಹಿಮದಂಥ ತಂಪು ತಗಲುತ್ತದೆ. ಇದೇ ಸೀಮೆಯ ಪ್ರಾಸ್ತೋವಾದಲ್ಲಿ 1917ರಲ್ಲಿ ಲೇಖಕ ನಿಕೊಸ್ ಕಜಾಂಟ್ಜಾಕಿಸ್, ಯೋರ್ಗಿಸ್ ಜೋರ್ಬಾಸ್ ಎಂಬ ಗೆಳೆಯನ ಜೊತೆ ಕಲ್ಲಿದ್ದಲಿನ ಗಣಿ ನಡೆಸಿದ್ದರು. ಆ ಗೆಳೆಯನೇ ಮುಂದೆ ‘ಜೋರ್ಬಾ’ ಕಾದಂಬರಿಯ ನಾಯಕನಾದದ್ದು, ಕಥೆ ನಡೆಯುವ ಜಾಗವನ್ನು ಮಾತ್ರ ಲೇಖಕರು ಕ್ರೀಟ್ ದ್ವೀಪಕ್ಕೆ ಬದಲಾಯಿಸಿಕೊಂಡರು.

ಗ್ರೀಸಿನಲ್ಲಿ ಸಮುದ್ರ ದಂಡೆ ಸಾರ್ವಜನಿಕರ ಸ್ವತ್ತು. ಕುರ್ಚಿ, ಛತ್ರಿಗೆ ಬಾಡಿಗೆ ಕೊಡಬೇಕು. ಆದರೆ ನಿಮ್ಮದೇ ಟವೆಲ್ ಹಾಸಿ ಕೂರಲು ಯಾರೂ ಹಣ ಕೇಳುವಂತಿಲ್ಲ. ಅರ್ಧ ಲೀಟರ್ ನೀರಿನ ಬಾಟಲಿಗೆ ಬೀದಿಬದಿಯ ಸಣ್ಣ ಅಂಗಡಿಗಳಲ್ಲಿ 50 ಸೆಂಟಿಗಿಂತ ಹೆಚ್ಚು ಪಡೆಯಬಾರದೆಂದು ಸರ್ಕಾರವೇ ಮಿತಿ ಹಾಕಿದೆ.

ಊರಿನ ದಿನಚರಿಗೆ ಹೊಂದಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಬೇಸಿಗೆಯಲ್ಲಿ ಮಧ್ಯಾಹ್ನ 3ರಿಂದ 5:30ರವರೆಗೆ, ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಸದ್ದು ಮಾಡಬಾರದೆಂಬ ಕಾನೂನಿದೆ. ಮಧ್ಯಾಹ್ನ ಬೀದಿಯಲ್ಲಿ ನರಪಿಳ್ಳೆ ಇರುವುದಿಲ್ಲ. ನೀವೂ ಮಲಗಿ. ಜೂನ್ ಕೊನೆಯಲ್ಲಿ ಸೂರ್ಯ ಮುಳುಗುವಾಗ ರಾತ್ರಿ ಒಂಬತ್ತಕ್ಕೆ ಹತ್ತಿರ, ಊರವರು ಊಟಕ್ಕೆ ಕೂರುವುದು ಆಮೇಲೆ. ಮಕ್ಕಳಿಗೆ ಹಸಿವೆಯೆಂದು ಏಳಕ್ಕೇ ಹೋದರೂ ಬಡಿಸುತ್ತಾರೆ, ಊರಿನ ಕಳೆ ಮಾತ್ರ ಇರುವುದಿಲ್ಲ. ತಲೆಯಾಡಿಸುವಾಗಲೂ ಗಮನವಿರಲಿ. ತಲೆಯನ್ನು ಮೇಲಕ್ಕೆತ್ತಿ ನಾಲಿಗೆಯಲ್ಲಿ ‘ಚ್ಚ್’ ಎಂದರೆ, ನಮ್ಮ ಹಳ್ಳಿಗಳಲ್ಲಿರುವಂತೆಯೇ, ಇಲ್ಲವೆಂದು ಅರ್ಥ.

ಊರಿನ ಹಿಂಬದಿಗೆ ಹತ್ತು ನಿಮಿಷ ನಡೆದರೆ ಹಳೆಯ ಕಾರ್ದಮಿಲಿ. ಮಾನಿಯ ಕುಲಗಳು ತಮ್ಮತಮ್ಮೊಳಗೆ ಹಗೆ ಸಾಧಿಸುತ್ತಿದ್ದ ಕಾಲದಲ್ಲಿ ಕಟ್ಟಿಕೊಂಡ ಕಲ್ಲಿನ ಗೋಪುರಮನೆಗಳು ಇಲ್ಲಿವೆ. ಮೂರ್ಜಿನೋಸ್ ಮನೆತನದ ಗೋಪುರ, ಪಕ್ಕದಲ್ಲಿ ಚೂಪು ಗಂಟೆಗೋಪುರದ ಸಂತ ಸ್ಪಿರಿಡಾನ್ ಚರ್ಚು. ತುರ್ಕರ ವಿರುದ್ಧ ದಂಗೆಯೇಳುವ ಮುನ್ನ, 1821ರ ಜನವರಿಯಲ್ಲಿ, ಸೇನಾನಿ ಕೊಲೊಕೊತ್ರೋನಿಸ್ ಈ ಮನೆತನದ ಆಶ್ರಯದಲ್ಲಿದ್ದರು. ಮಾರ್ಚ್ 23ರಂದು ಕಲಮಾತಾ ಬಿಡುಗಡೆಯಾಯಿತು. ಊರಿನ ಹೆಸರು ಅದಕ್ಕಿಂತ ಎಷ್ಟೋ ಹಳೆಯದು. ಹೋಮರನ ‘ಇಲಿಯಡ್’ ಒಂಬತ್ತನೆಯ ಭಾಗದಲ್ಲಿ, ಮುನಿದ ಅಕಿಲೀಸನನ್ನು ಒಲಿಸಿಕೊಳ್ಳಲು ಅಗಮೆಮ್ನಾನ್ ಕೊಡಲೊಪ್ಪುವ ಏಳು ಪಟ್ಟಣಗಳಲ್ಲಿ ಇದೂ ಒಂದು.

ಹಳೆಯ ಊರಿನಿಂದ ಕಲ್ಲು ಹಾಸಿದ ಹೇಸರಗತ್ತೆಯ ಹಾದಿಯೊಂದು ಅಯಿಯಾ ಸೋಫಿಯಾ ಎಂಬ ಪುಟ್ಟ ಹಳ್ಳಿಗೆ ಏರುತ್ತದೆ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಕು. ದಾರಿಯಲ್ಲಿ ಬಂಡೆಯಲ್ಲಿ ಕೊರೆದ ಎರಡು ಸಮಾಧಿಗಳಿವೆ. ಜೋಡಿ ವೀರರಾದ ಕ್ಯಾಸ್ಟರ್ ಮತ್ತು ಪೊಲಕ್ಸ್‌ರವೆಂದು ಜನ ಹೇಳುತ್ತಾರೆ. ಹತ್ತುವಾಗ ಬೆನ್ನ ಹಿಂದೆ ಕೊಲ್ಲಿಯೂ ಎದುರಿನ ಮೆರೋಪಿ ನಡುಗಡ್ಡೆಯೂ ತೆರೆದುಕೊಳ್ಳುತ್ತವೆ. ಬೆಳಿಗ್ಗೆ ಎಂಟರೊಳಗೆ ಹೊರಡಿ, ಗಟ್ಟಿ ಅಟ್ಟೆಯ ಬೂಟು ಹಾಕಿ, ತಲಾ ಒಂದೂವರೆ ಲೀಟರ್ ನೀರು ಒಯ್ಯಿರಿ. ಪಕ್ಕದ ವೀರೋಸ್ ಕಮರಿ ಬೇಸಿಗೆಯಲ್ಲಿ ಬತ್ತಿದ ಹೊಳೆಪಾತ್ರ. ಉರುಟು ಕಲ್ಲುಗಳ ಮೇಲೆ ನಡೆಯುವುದು ದಣಿವಿನದು. ಒಬ್ಬರೇ ಹೋಗಬೇಡಿ. ಮಳೆಯ ಸೂಚನೆಯಿದ್ದರೆ ಯಾರೂ ಹೋಗಬೇಡಿ.

ಊರಿನಿಂದ ದಕ್ಷಿಣಕ್ಕೆ ಕಲಮಿತ್ಸಿ ಎಂಬಲ್ಲಿ ಇಂಗ್ಲಿಷ್ ಲೇಖಕ ಪ್ಯಾಟ್ರಿಕ್ ಲೀ ಫರ್ಮರ್ ಕಟ್ಟಿಸಿಕೊಂಡ ಮನೆಯಿದೆ. ಹದಿಹರೆಯದಲ್ಲಿ, 1933ರಲ್ಲಿ, ಹಾಲೆಂಡಿನಿಂದ ಇಸ್ತಾಂಬುಲ್‌ಗೆ ಕಾಲ್ನಡಿಗೆಯಲ್ಲಿ ಹೊರಟವರು ಅವರು. ಮಾನಿಯ ಬಗ್ಗೆ 1958ರಲ್ಲಿ ಪುಸ್ತಕ ಬರೆದು, ಅರವತ್ತರ ದಶಕದಲ್ಲಿ ಪತ್ನಿ ಜೋನ್ ಜೊತೆ ಇಲ್ಲಿಯೇ ನೆಲೆಸಿದರು, 2011ರಲ್ಲಿ ತೀರಿಕೊಂಡರು. ಅಥೆನ್ಸಿನ ಬೆನಾಕಿ ಮ್ಯೂಸಿಯಂಗೆ ಬಿಟ್ಟುಕೊಟ್ಟ ಆ ಮನೆಯನ್ನು ದುರಸ್ತಿ ಮಾಡಿ ನೋಡಲು ತೆರೆದಿದ್ದಾರೆ. ಮುಂಗಡವಾಗಿ ಕಾಯ್ದಿರಿಸಿದವರಿಗೆ ಮಾತ್ರ ಪ್ರವೇಶ, ಅದೂ ನಿಗದಿತ ದಿನಗಳಲ್ಲಿ. 2013ರ ‘ಬಿಫೋರ್ ಮಿಡ್‌ನೈಟ್’ ಸಿನಿಮಾದ ಊಟದ ದೃಶ್ಯ ನೋಡಿದವರು ಆ ಅಂಗಳವನ್ನು ಗುರುತಿಸಬಹುದು. ಮನೆಯ ಬೆಣಚು ನೆಲ, ಕಡಲಿಗೆ ತೆರೆದ ಕಿಟಕಿ, ಗೋಡೆ ತುಂಬ ಪುಸ್ತಕ, ಇವು ಪುಸ್ತಕಪ್ರೇಮಿಗಳಿಗೆ ಇಡೀ ಪ್ರವಾಸಕ್ಕೆ ನೆಪವಾಗಲು ಸಾಕು.

ಚರ್ಚುಗಳಿಗೆ ಹೋಗುವಾಗ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಬೇಕು. ಚಪ್ಪಲಿ ಬಿಡುವ ಪದ್ಧತಿಯಿಲ್ಲ. ಒಂದು ದಿನ ಕಾರು ಪಡೆದರೆ ಅರೆಯೋಪೊಲಿ ಕಡೆಯ ದೀರೋಸ್ ಗುಹೆಗಳಿಗೆ ಹೋಗಿ. ನೆಲದಡಿಯ ನೀರಿನಲ್ಲಿ ದೋಣಿಯಲ್ಲಿ ಕೂತು ಸುಣ್ಣಕಲ್ಲಿನ ತೂಗುಕಲ್ಲುಗಳ ನಡುವೆ ಸಾಗಬಹುದು. ಇತಿಹಾಸದ ಆಸಕ್ತರಿಗೆ ಕಲಮಾತಾದ ಆಚೆಗಿರುವ ಪ್ರಾಚೀನ ಮೆಸ್ಸೀನಿ ಮೇಲು. ಕ್ರಿ.ಪೂ. 369ರಲ್ಲಿ ಕಟ್ಟಿದ ಆ ನಗರದ ಕ್ರೀಡಾಂಗಣ, ಕೋಟೆಗೋಡೆ ಇಂದಿಗೂ ಗಟ್ಟಿಯಾಗಿವೆ, ಜನಸಂದಣಿ ಇಲ್ಲ.

ಕೋಣೆಯ ವಿಷಯದಲ್ಲಿ ಒಂದೆರಡು ಮಾತು ಉಳಿದಿವೆ. ಶೌಚಾಲಯದ ಕಾಗದವನ್ನು ಕಮೋಡಿಗೆ ಹಾಕಬಾರದು, ಪಕ್ಕದ ಬುಟ್ಟಿಗೇ ಹಾಕಬೇಕು, ಕೊಳವೆಗಳು ಸಣ್ಣವು. ನೀರಿನ ಪಿಚಕಾರಿ ಇರುವುದಿಲ್ಲ, ಒಂದು ಮಡಚುವ ಚೊಂಬೋ ಬಾಟಲಿಯೋ ಜೊತೆಗಿರಲಿ. ನಮ್ಮ ಮೂರು ಕಡ್ಡಿಯ ಪ್ಲಗ್ಗು ಅಲ್ಲಿ ಹಿಡಿಯದು, ಅಡಾಪ್ಟರ್ ಬೇಕು. ಕೋಡೀನ್ ಇರುವ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಒಯ್ಯಬೇಡಿ. ಔಷಧದಂಗಡಿಗೆ ಹಸಿರು ಶಿಲುಬೆಯ ಗುರುತು, ದೊಡ್ಡ ಆಸ್ಪತ್ರೆಗೆ ಕಲಮಾತಾ. ಯಾವುದೇ ಆಪತ್ತಿಗೆ 112. ಕಾಡ್ಗಿಚ್ಚಿನ ಎಚ್ಚರಿಕೆಯೂ ಆ ಸಂಖ್ಯೆಯ ಹೆಸರಿನಲ್ಲೇ ಮೊಬೈಲಿಗೆ ದೊಡ್ಡ ಸದ್ದಿನೊಂದಿಗೆ ಬರುತ್ತದೆ. ಬಂದರೆ ಸಾಮಾನು ಜೋಡಿಸುತ್ತ ಕೂರದೆ ಹೇಳಿದ ದಿಕ್ಕಿಗೆ ಹೊರಡಬೇಕು.

ಮರಳುವಾಗ ಕೊಳ್ಳಬೇಕಾದದ್ದು ಆಲಿವ್ ಎಣ್ಣೆ. ಈ ಸೀಮೆಯ ಸಣ್ಣ ಕಾಯಿಯ ಕೊರೊನೆಯಿಕಿ ತಳಿಯ ಎಣ್ಣೆ ಗಂಟಲಲ್ಲಿ ತುಸು ಖಾರವೆನಿಸುತ್ತದೆ. ಅದು ತಾಜಾತನದ ಲಕ್ಷಣ. ಬಾಟಲಿಗಿಂತ ತಗಡಿನ ಡಬ್ಬಿ ಒಳ್ಳೆಯದು, ಬೆಳಕು ತಾಕದು, ಒಡೆಯದು. ಕೊಯ್ಲಿನ ವರ್ಷ ನೋಡಿ ಕೊಳ್ಳಿ, ಎರಡು ಪದರ ಪ್ಲಾಸ್ಟಿಕ್ ಸುತ್ತಿ ಕೆಳಗೆ ಕಳಿಸುವ ಪೆಟ್ಟಿಗೆಯಲ್ಲೇ ಇಡಿ. ಕೈಚೀಲದಲ್ಲಿಟ್ಟರೆ ಅಥೆನ್ಸ್ ತಪಾಸಣೆಯಲ್ಲಿ ಉಳಿದುಹೋಗುತ್ತದೆ.